ಹೆಂಗಸರ ಕಡೆಯ ಮೂರನೇ ಸಾಲು

ರಾಗಿಗುಡ್ಡ, ಶಿವಮೊಗ್ಗ
೮ ಜನವರಿ ೨೦೨೪

ಪರಮೇಶಿ,

ಈ ಕಾಗದವನ್ನು ನಿನಗೆ ವೀಣಾ ಓದಿ ಹೇಳುತ್ತಿರಬೇಕು. ಮೊದಲು ಅವಳಿಗೆ ಒಂದು ಮಾತು. ವೀಣಾ, ನಾನು ಷಣ್ಮುಖಪ್ಪ. ಚಂದ್ರಮೌಳಿ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವನು. ಇಂಟರ್‌ವಲ್‌ನಲ್ಲಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲೆಕಾಯಿ ಕೊಡಿಸುತ್ತಿದ್ದೆ. ನಿನ್ನಪ್ಪ ನಡುವೆ ‘ಸಾಕು’ ಎಂದರೆ ಓದುವುದನ್ನು ನಿಲ್ಲಿಸು. ಆದರೆ ಕಾಗದ ಎಸೆಯಬೇಡ.

ಪರಮೇಶಿ, ಹದಿನೆಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಟಾಕೀಸನ್ನು ಕೆಡವುತ್ತಾರೆ. ಹಳೇ ಸಾಹುಕಾರರ ಮೊಮ್ಮಗ ವೀರೇಂದ್ರ ಮೊನ್ನೆ ಮನೆಗೆ ಬಂದಿದ್ದ. “ಷಣ್ಮುಖಣ್ಣ, ಈ ಬೇಸಿಗೇಲಿ ಕೆಡವಿಸ್ತೀನಿ. ಅಂಗಡಿ ಕಾಂಪ್ಲೆಕ್ಸ್ ಮಾಡ್ತೀವಿ. ಅದರ ಗೋಡೆ ಮೇಲೆ ಹಾಕೋಕೆ ಟಾಕೀಸಿನ ಚರಿತ್ರೆ ಅಂತ ಒಂದು ಪುಟ ಬರ್ಕೊಡಿ. ನಿಮ್ಮನ್ನ ಬಿಟ್ರೆ ಗೊತ್ತಿರೋರು ಯಾರೂ ಉಳಿದಿಲ್ಲ” ಎಂದ.

ಹುಡುಗ ಗೌರವದಿಂದ ಕೇಳಿದ್ದಾನೆ. ಬರೆಯಲು ಕೂತೆ. ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಅವನ ಮುತ್ತಾತ ಅಡಕೆ ಮೂಟೆ ಇಡಲು ಕಟ್ಟಿಸಿದ ಗೋದಾಮು ಅದು. ಒಂದು ವರ್ಷ ನಾಟಕ ಕಂಪನಿಯೊಂದು ಮಳೆಗೆ ಸಿಕ್ಕಿಹಾಕಿಕೊಂಡು, ಡೇರೆ ಹರಿದು, ಪೆಟ್ಟಿಗೆ ಪರದೆಗಳ ಸಮೇತ ಆ ಗೋದಾಮಿನಲ್ಲಿ ಇಳಿದುಕೊಂಡಿತಂತೆ. ಸುಮ್ಮನೆ ಕೂರಲಾರದೆ ಮೂಟೆಗಳ ನಡುವೆಯೇ ಆಟ ಕಟ್ಟಿದರು. ಜನ ಬಂದರು. ಮೂಟೆಗಳು ಹೊರಗೆ ಹೋದವು. ಐವತ್ತೆರಡರಲ್ಲಿ ಮದರಾಸಿನಿಂದ ಮಷಿನ್ ಬಂದು ಅದು ಟಾಕೀಸ್ ಆಯಿತು. ಮಳೆಗಾಲದಲ್ಲಿ ಗೋಡೆ ತೇವವಾದಾಗ ಅಡಕೆಯ ಒಗರು ವಾಸನೆ ಬರುತ್ತಿತ್ತಲ್ಲ, ಅದನ್ನೂ ಬರೆದೆ.

ಒಂದು ಕಡೆ ನಿಂತಿದ್ದೇನೆ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಎದೆಯೆತ್ತರದ ಮರದ ಅಡ್ಡಗೋಡೆ ಇತ್ತಲ್ಲ, ಅದನ್ನು ತೆಗೆಸಿದ್ದು ಯಾವ ವರ್ಷ? ನನಗೆ ನೆನಪಾಗುತ್ತಿಲ್ಲ. ನಿನಗೆ ನೆನಪಿರುತ್ತದೆ.

ಶರಣು.
ಷಣ್ಮುಖ

*

ಕಾಗದನಗರ, ಭದ್ರಾವತಿ
೨೭ ಜನವರಿ ೨೦೨೪

ಷಣ್ಮುಖ ಮಾಮನಿಗೆ ವೀಣಾಳ ನಮಸ್ಕಾರ.

ನಿಮ್ಮ ಕಾಗದವನ್ನು ಅಪ್ಪ ಕೊನೆಯವರೆಗೂ ಕೇಳಿದರು. ಸಾಕು ಎನ್ನಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ವರಾಂಡಕ್ಕೆ ಹೋದರು. ಇಲ್ಲಿ ಕಾಗದದ ಕಾರ್ಖಾನೆ ನಿಂತ ಮೇಲೆ ಕ್ವಾರ್ಟರ್ಸ್ ಅರ್ಧ ಖಾಲಿ. ಮಧ್ಯಾಹ್ನದ ಹೊತ್ತು ಮರಗಳ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಪ್ಪ ಅದನ್ನೇ ಕೇಳುತ್ತ ಕೂರುತ್ತಾರೆ.

ಮೂರು ದಿನ ಬಿಟ್ಟು, ಮುಖ ತೊಳೆಯುತ್ತ, ಯಾರಿಗೂ ಅಲ್ಲ ಎಂಬಂತೆ “ಎಂಬತ್ತೊಂಬತ್ತು” ಎಂದರು.

“ಏನಪ್ಪ ಎಂಬತ್ತೊಂಬತ್ತು?”

“ಅಡ್ಡಗೋಡೆ ತೆಗೆದದ್ದು. ದೀಪಾವಳಿ ಆದ ಮೊದಲನೇ ಶುಕ್ರವಾರ.”

“ಕಣ್ಣು ಹೋದ ಮೇಲಲ್ವಾ ಅದು? ನಿಮಗೆ ಹೇಗೆ ಗೊತ್ತಾಯ್ತು?”

“ಬಳೆ ಸದ್ದು ಹತ್ರ ಬಂತು” ಎಂದರು.

ಇಷ್ಟೇ ಉತ್ತರ. ಬರೆಯೆಂದು ಅವರು ಹೇಳಲಿಲ್ಲ. ನಾನೇ ಬರೆಯುತ್ತಿದ್ದೇನೆ. ಅಮ್ಮ ತೀರಿಕೊಂಡು ಈ ಮೇ ತಿಂಗಳಿಗೆ ಮೂರು ವರ್ಷ. ಆಗ ಕೊರೋನಾ, ಯಾರೂ ಬರುವ ಹಾಗಿರಲಿಲ್ಲ. ಆದರೂ ನೀವು ಒಂದು ಫೋನ್ ಮಾಡಬಹುದಿತ್ತು ಎಂದು ನನಗೆ ಅನ್ನಿಸಿತ್ತು.

ವೀಣಾ

*

ರಾಗಿಗುಡ್ಡ
೧೪ ಫೆಬ್ರವರಿ ೨೦೨೪

ಪರಮೇಶಿ,

ಎಂಬತ್ತೊಂಬತ್ತು ಎಂದು ಬರೆದುಕೊಂಡೆ. ವೀಣಾ, ನೀನು ಹೇಳಿದ್ದು ಸರಿ. ಫೋನ್ ಕೈಗೆ ತೆಗೆದುಕೊಂಡಿದ್ದೆ. ನಿನ್ನಪ್ಪ ನನ್ನ ಧ್ವನಿ ಕೇಳಿ ಇಟ್ಟುಬಿಟ್ಟರೆ ಎಂಬ ಭಯ. ತಪ್ಪು ನನ್ನದೇ.

ಹೋದ ವಾರ ವೀರೇಂದ್ರ ಬೀಗದ ಕೈ ಕೊಟ್ಟ. ಒಬ್ಬನೇ ಒಳಗೆ ಹೋದೆ. ನಾಲ್ಕು ವರ್ಷ ಮುಚ್ಚಿದ್ದ ಜಾಗ. ಬಾಗಿಲು ತೆಗೆದೊಡನೆ ಪಾರಿವಾಳಗಳು ಒಟ್ಟಿಗೆ ಎದ್ದವು. ಮೇಲಿನ ಶೀಟಿನ ತೂತುಗಳಿಂದ ಬಿಸಿಲು ನೂಲಿನ ಹಾಗೆ ಇಳಿದಿತ್ತು. ನೂರಾರು ನೂಲು. ಧೂಳು ಅವುಗಳಲ್ಲಿ ಏರುತ್ತ ಇಳಿಯುತ್ತ ಇತ್ತು. ಪರದೆಯನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ. ಹಿಂದಿನ ಗೋಡೆ ಕಾಣುತ್ತದೆ. ಅದರ ಮೇಲೆ ನಾಟಕದವರು ಬರೆದ ಅರಮನೆ ಕಂಬಗಳು ಇನ್ನೂ ಇವೆ, ಮಾಸಿದ ಗುಲಾಬಿ ಬಣ್ಣದಲ್ಲಿ. ಇಷ್ಟು ವರ್ಷವೂ ಎಲ್ಲ ಸಿನಿಮಾಗಳ ಹಿಂದೆ ಒಂದು ಅರಮನೆ ಇತ್ತು, ನಮಗೆ ಗೊತ್ತೇ ಇರಲಿಲ್ಲ ನೋಡು.

ಅಡ್ಡಗೋಡೆ ಇದ್ದ ಕಡೆ ನೆಲದಲ್ಲಿ ಗೆರೆ ಉಳಿದಿದೆ. ಅದರ ತುದಿಯಲ್ಲಿ ಬಾಗಿಲ ಪಕ್ಕ ನನ್ನ ಸ್ಟೂಲು, ಅದಕ್ಕೆ ಒತ್ತಿಕೊಂಡು ನಿನ್ನ ಕುರ್ಚಿ. ಈಗ ಎರಡೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ತಿಳಿಯದು. ನೂಲುಗಳೆಲ್ಲ ವಾರೆಯಾಗಿ ಎದುರು ಗೋಡೆ ಹತ್ತಿದ್ದವು.

ಮೇ ಕೊನೆಯಲ್ಲಿ ಕೆಲಸ ಶುರು. ಅದಕ್ಕೆ ಮೊದಲು ಒಮ್ಮೆ ಬಂದು ಹೋಗು.

ಷಣ್ಮುಖ

*

ಕಾಗದನಗರ
೫ ಮಾರ್ಚ್ ೨೦೨೪

ಮಾಮ, ಇದು ಅಪ್ಪನ ಕಾಗದ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕೆಂದು ಆಣೆ ಹಾಕಿಸಿಕೊಂಡಿದ್ದಾರೆ. — ವೀಣಾ

ಷಣ್ಮುಖ,

ಕಾಗದ ಯಾಕೆ ಮಾರಾಯ? ಇಪ್ಪತ್ತೆರಡು ವರ್ಷ ನನ್ನ ಕಿವೀಲಿ ಮಾತಾಡಿದೋನು ನೀನು. ಈಗ ನನ್ನ ಮಗಳ ಬಾಯಲ್ಲಿ ಮಾತಾಡ್ತಿದೀಯ. ಬಿಸಿಲು ನೂಲಿನ ಹಾಗಿತ್ತು ಅಂತೀಯ. ಅರಮನೆ ಕಂಬ ಅಂತೀಯ. ಇದ್ರೂ ಇರಬಹುದು. ಇಲ್ಲದೇನೂ ಇರಬಹುದು. ನನಗೆ ಹೇಗೆ ಗೊತ್ತಾಗಬೇಕು?

ಎಂಬತ್ನಾಕರಲ್ಲಿ ನನ್ನ ಕಣ್ಣು ಪೂರ್ತಿ ಹೋದಾಗ ನೀನೇ ಮನೆಗೆ ಬಂದು ಕರ್ಕೊಂಡು ಹೋದೆ. “ಮಾತು ನೀನೇ ಕೇಳಿಸ್ಕೋ, ಮಾತಿಲ್ಲದ ಕಡೆ ನಾನು ಹೇಳ್ತೀನಿ” ಅಂದೆ. ಪ್ರತಿ ಶುಕ್ರವಾರ ಮ್ಯಾಟಿನಿ. ನಾನು ನಿನ್ನ ಪಕ್ಕ, ವೀಣಾನ ಎತ್ಕೊಂಡು ಬಸವರಾಜೇಶ್ವರಿ ಹೆಂಗಸರ ಕಡೆ. ನೀನು ಹೇಳಿದ್ದೆಲ್ಲ ನಾನು ಕಂಡೆ. ಅದು ಸುಳ್ಳಲ್ಲ. ಕಂಡೆ.

ದೋಣಿಯವನ ಹೆಂಡತಿ ಕಥೆ ನೆನಪಿದೆಯಾ? ಕೊನೇಲಿ ಮಾತಿಲ್ಲ, ಬರೀ ನೀರಿನ ಸದ್ದು, ಪಿಟೀಲು. ನೀನು ಹೇಳಿದೆ, ಆಚೆ ದಡ ಸೇರಿದ್ಲು, ಸೆರಗು ಹಿಂಡಿಕೊಂಡು ತಿರುಗಿ ನೋಡದೆ ನಡೆದ್ಲು ಅಂತ. ಹದಿನೈದು ವರ್ಷ ಆ ಹೆಂಗಸು ನನ್ನ ಕಣ್ಮುಂದೆ ಒದ್ದೆ ಸೀರೇಲಿ ನಡೀತಾನೇ ಇದ್ಲು. ಎರಡು ಸಾವಿರದ ಆರರಲ್ಲಿ ಅದೇ ಸಿನಿಮಾ ಟೀವೀಲಿ ಬಂತು. ಪಕ್ಕದ ಮನೆ ಚೌಡಮ್ಮ ನೋಡ್ತಾ ಕೂತಿದ್ರು. ನೀರಿನ ಸದ್ದು ಬಂತು, ಪಿಟೀಲು ಬಂತು. ಚೌಡಮ್ಮ “ಪಾಪ, ಮುಳುಗಿಹೋದ್ಲಲ್ಲ” ಅಂದ್ರು.

ಬಸವರಾಜೇಶ್ವರೀನ ಕೇಳಿದೆ. ಅವಳೂ ಅವತ್ತು ಟಾಕೀಸಿನಲ್ಲಿ ನೋಡಿದ್ದೋಳು ತಾನೆ? ಒಲೆ ಮುಂದಿಂದಲೇ “ದಡ ಸೇರಿದ್ಲಲ್ಲ” ಅಂದಳು.

ನೀವಿಬ್ಬರೂ ಸೇರಿಕೊಂಡು ಕುರುಡನಿಗೆ ಕಥೆ ಕಟ್ಟಿದ್ದೀರಿ ಅಂತ ಗೊತ್ತಾಯ್ತು. ಮನೆಗೆ ಆಕಾಶನೀಲಿ ಬಣ್ಣ ಅಂತ ನೀನು ಅಂದಿದ್ದೆ. ವೀಣಾ ನನ್ನ ಹಾಗೇ ಇದಾಳೆ ಅಂದಿದ್ದೆ. ಯಾವುದನ್ನ ನಂಬಲಿ? ಅವತ್ತು ನನಗೆ ಎರಡನೇ ಸಲ ಕಣ್ಣು ಹೋಯ್ತು.

ಹೇಳೋದಿದ್ರೆ ಫೋನ್ ಮಾಡಿ ಹೇಳು. ನಿನ್ನ ಧ್ವನೀಲಿ ಸುಳ್ಳು ಎಲ್ಲಿದೆ ಅಂತ ಈಗ ನನಗೆ ಕೇಳಿಸುತ್ತೆ.

ಪರಮೇಶ್ವರಪ್ಪ

ಮಾಮ, ಮನೆ ಆಕಾಶನೀಲಿಯೇ ಆಗಿತ್ತು. ಆಗಲೇ ಹೇಳಿದ್ದೆ, ನನ್ನನ್ನೂ ನಂಬಲಿಲ್ಲ. ಆದರೆ ನಾನು ಅಪ್ಪನ ಹಾಗಿಲ್ಲ, ಅಮ್ಮನ ಹಾಗಿದ್ದೇನೆ. — ವೀ.

*

ರಾಗಿಗುಡ್ಡ
೨೮ ಮಾರ್ಚ್ ೨೦೨೪

ಪರಮೇಶಿ,

ಹೌದು, ಅವಳು ಮುಳುಗಿದಳು. ಮೊದಲು ಕೈ ಕಂಡಿತು, ಆಮೇಲೆ ಬರೀ ನೀರು.

ಇನ್ನೂ ಇವೆ. ಜಟಕಾದವನ ಕುದುರೆ ಹಿಂದಿರುಗಿ ಬರಲಿಲ್ಲ. ಪತ್ರ ಕಾಯುತ್ತಿದ್ದ ಮುದುಕನಿಗೆ ಪತ್ರ ಸಿಗಲಿಲ್ಲ, ಅಂಚೆಯವನು ಅವನ ಮನೆ ದಾಟಿ ಹೋದ. ಎಣಿಸಿದರೆ ಹನ್ನೊಂದೋ ಹನ್ನೆರಡೋ ಆಗುತ್ತವೆ. ಎಲ್ಲವೂ ಮಾತಿಲ್ಲದ ಕಡೆ.

ಮೊದಲನೆಯದು ಆದದ್ದು ಹೀಗೆ. ಕತ್ತಲಲ್ಲಿ ನಿನ್ನ ಕೈ ಸದಾ ನನ್ನ ಮೊಣಕೈ ಮೇಲಿರುತ್ತಿತ್ತು. ಆ ದಿನ ಸಿನಿಮಾದಲ್ಲಿ ಒಬ್ಬ ಗಂಡಸು ಹಾಸಿಗೆ ಹಿಡಿದಿದ್ದ. ಹೆಂಡತಿ ಪೆಟ್ಟಿಗೆ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಮಾತಿಲ್ಲ, ಹೆಜ್ಜೆ ಸದ್ದು ಮಾತ್ರ. ನಿನ್ನ ಕೈ ಬಿಗಿಯಾಯಿತು. ಎಷ್ಟು ಬಿಗಿಯಾಯಿತೆಂದರೆ ನಿನ್ನ ಉಗುರು ನನಗೆ ನಾಟಿತು. ಕಣ್ಣು ಹೋಗಿ ಆಗ ಆರು ತಿಂಗಳಾಗಿತ್ತು ನಿನಗೆ. ನನ್ನ ಬಾಯಿಂದ “ಪೆಟ್ಟಿಗೆ ಕೆಳಗಿಟ್ಳು” ಎಂದು ಬಂತು. ಕೈ ಸಡಿಲವಾಯಿತು.

ಅಲ್ಲಿಂದ ಮುಂದೆ ಕೈ ಬಿಗಿಯಾದಾಗಲೆಲ್ಲ ಕಥೆ ತಿರುಗಿತು. ಮರುಕದಿಂದ ಶುರುವಾದದ್ದು ನಿಜ. ಆದರೆ ಆಮೇಲಾಮೇಲೆ ನನಗೆ ಅದರ ರುಚಿ ಹತ್ತಿತು ಎನ್ನುವುದೂ ನಿಜ. ಪರದೆಯ ಮೇಲೆ ಒಂದು, ನನ್ನ ಬಾಯಲ್ಲಿ ಒಂದು. ನನ್ನದೇ ಚೆನ್ನಾಗಿದೆ ಅನ್ನಿಸುತ್ತಿತ್ತು. ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ. ಮನ್ನಿಸು.

ಬಸವರಾಜೇಶ್ವರಿಯನ್ನು ಇದಕ್ಕೆ ಎಳೆಯಬೇಡ. ಅವಳು ನನ್ನ ಜತೆ ಸೇರಿಕೊಂಡಿರಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಹೆಚ್ಚು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಫೋನ್ ಮಾಡಲು ಆಗುವುದಿಲ್ಲ.

ಷಣ್ಮುಖ

*

ಕಾಗದನಗರ
೧೯ ಏಪ್ರಿಲ್ ೨೦೨೪

ಮಾಮ,

ಯುಗಾದಿಯ ಮರುದಿನ ನಾನೇ ನಿಮ್ಮ ಮನೆಗೆ ಫೋನ್ ಮಾಡಿದೆ. ಹೂವಮ್ಮತ್ತೆ ಎತ್ತಿಕೊಂಡರು. ಮಾಮನಿಗೆ ಕೊಡಿ ಎಂದೆ. ಅವರು “ಕೊಟ್ರೆ ಏನ್ ಬಂತಮ್ಮ, ಇವ್ರಿಗೆ ಧ್ವನಿ ಇಲ್ವಲ್ಲ. ಗಂಟಲಲ್ಲಿ ಗಡ್ಡೆ ಆಗಿತ್ತು. ಆಪರೇಷನ್ ಆಗಿ ಎರಡು ವರ್ಷ ಆಯ್ತು. ನಿಮಗೆ ತಿಳಿಸೋದು ಬೇಡ ಅಂದಿದ್ರು” ಎಂದರು.

ಆ ದಿನ ಅಪ್ಪನಿಗೆ ಹೇಳಲಾಗಲಿಲ್ಲ. ಎರಡು ದಿನ ಬಿಟ್ಟು ಹೇಳಿದೆ. ಅಪ್ಪ “ಪೂರ್ತೀನಾ?” ಎಂದು ಕೇಳಿದರು. ಪೂರ್ತಿ, ಪಿಸುಮಾತೂ ಬರುವುದಿಲ್ಲವಂತೆ ಎಂದೆ. ಊಟಕ್ಕೆ ಬರಲಿಲ್ಲ. ನಿಮ್ಮ ಹಳೆಯ ಕಾಗದಗಳನ್ನು ಈಸಿಕೊಂಡು ಬೆರಳಿನಿಂದ ಸವರುತ್ತ ಕೂತಿದ್ದರು. ನೀವು ಒತ್ತಿ ಬರೆಯುತ್ತೀರಿ. ಹಿಂಬದಿಯಲ್ಲಿ ಅಕ್ಷರ ಕೈಗೆ ಸಿಗುತ್ತದೆ.

ನಿನ್ನೆ ಬರೆಯಲು ಕರೆದರು. ಮುಂದಿನದು ಅವರ ಮಾತು:

ಷಣ್ಮುಖ, ನಿನಗೆ ಹೀಗಾಗಬಾರದಿತ್ತು. ನಾನು ಫೋನ್ ಮಾಡು ಅಂತ ಬರೆಸಿದ್ದೂ ಆಗಬಾರದಿತ್ತು.

ಇನ್ನೊಂದೇ ಕೇಳ್ತೀನಿ. ನಿನ್ನ ಸ್ಟೂಲಿಂದ ಎರಡು ಕಡೆನೂ ಕಾಣ್ತಿತ್ತು. ನಗೋ ಸೀನು ಬಂದಾಗೆಲ್ಲ ನಾನು ಕೇಳ್ತಿದ್ದೆ, ಬಸವರಾಜೇಶ್ವರಿ ನಗ್ತಿದಾಳಾ ಅಂತ. ನೀನು ನಗ್ತಿದಾಳೆ ಅಂತಿದ್ದೆ. ಪ್ರತಿ ಸಲ. ನಾನು ಆ ನಗು ನೆಚ್ಚಿಕೊಂಡೇ ವಾರ ಕಳೀತಿದ್ದೆ. ಬೆಳಿಗ್ಗೆ ನಾಕಕ್ಕೆ ಎದ್ದು ಹೋಟೆಲಿಗೆ ಚಪಾತಿ ಲಟ್ಟಿಸ್ತಿದ್ಲು, ಆಮೇಲೆ ಹೊಲಿಗೆ ಮಷಿನ್. ವಾರಕ್ಕೊಂದು ಸಲ ಆದ್ರೂ ನಗ್ತಾಳಲ್ಲ ಅಂತ.

ಆ ಟೀವಿ ಆದ್ಮೇಲೆ ಅವಳ ಜತೆ ನಾನು ಸರಿಯಾಗಿ ಮಾತಾಡಲಿಲ್ಲ ಷಣ್ಮುಖ. ಹದಿನೈದು ವರ್ಷ. ಅವಳು ಯಾಕೆ ಅಂತ ಕೇಳಿದ್ಲು, ನಾನು ಹೇಳಲಿಲ್ಲ. ಅವಳೂ ಹೋದಳು. ನೀನು ಯಾರಿಗೆ ಏನು ಮಾತು ಕೊಟ್ಟಿದ್ದೀಯೋ ನನಗೆ ಬೇಡ. ಅವಳು ನಗ್ತಿದ್ಲಾ ಇಲ್ವಾ?

ಪರಮೇಶ್ವರಪ್ಪ

*

ರಾಗಿಗುಡ್ಡ
೧೨ ಮೇ ೨೦೨೪

ಪರಮೇಶಿ,

ಮೂರು ವಾರ ತಡವಾಯಿತು. ಹೂವಮ್ಮನನ್ನು ಕೇಳಿದೆ, ಸತ್ತವರಿಗೆ ಕೊಟ್ಟ ಮಾತು ಮುರಿಯಬಹುದೇ ಎಂದು ಸ್ಲೇಟಿನಲ್ಲಿ ಬರೆದು. “ಬದುಕಿರೋರು ಒಣಗ್ತಾ ಇದ್ರೆ ಮುರೀಬೋದು” ಎಂದಳು.

ಅವಳು ನಗುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ನಿದ್ದೆ ಮಾಡುತ್ತಿದ್ದಳು.

ಹೆಂಗಸರ ಕಡೆ ಮೂರನೇ ಸಾಲು, ಗೋಡೆ ಬದಿಯ ಕುರ್ಚಿ. ದೀಪ ಆರಿ ಹೆಸರುಗಳು ಬರುವಷ್ಟರಲ್ಲಿ ಅವಳ ತಲೆ ಗೋಡೆಗೆ ಒರಗುತ್ತಿತ್ತು. ಮಡಿಲಲ್ಲಿ ವೀಣಾ. ಒಂದೆರಡು ವಾರ ನೋಡಿದೆ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಒಂದು ದಿನ ಟಾರ್ಚ್ ಕೆಳಗೆ ಹಿಡಿದುಕೊಂಡು ಹತ್ತಿರ ಹೋದೆ. ಬೆಚ್ಚಿ ಎದ್ದಳು.

“ಅಣ್ಣ, ಮುಗೀತಾ?”

“ಇಲ್ಲ ತಂಗಿ. ಇನ್ನೂ ಅರ್ಧ ಇದೆ.”

“ಹಾಗಾದ್ರೆ ಎಬ್ಬಿಸಬೇಡಿ. ಮನೇಲಿ ಇವರು ಒಂದು ಸದ್ದಾದ್ರೂ ಏನದು ಅಂತ ಕೂಗ್ತಾರೆ, ಎದ್ದು ಹೋಗ್ಲೇಬೇಕು. ಇಲ್ಲಿ ಇವರನ್ನ ನೀವು ನೋಡ್ಕೋತೀರಲ್ಲ. ಅದಕ್ಕೇ ಕಣ್ಣು ಮುಚ್ಚುತ್ತೆ.” ಸೆರಗು ಸರಿ ಮಾಡಿಕೊಂಡು, “ಇವರಿಗೆ ಹೇಳ್ಬೇಡಿ. ಸಿನಿಮಾ ಅಂದ್ರೆ ನನಗೆ ಪ್ರಾಣ ಅಂದ್ಕೊಂಡಿದಾರೆ” ಎಂದಳು.

ನಾನು ಮಾತು ಕೊಟ್ಟೆ. ಆ ಸಾಲಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನು ಬೇರೆ ಕಡೆ ಕೂರಿಸುತ್ತಿದ್ದೆ. ಮೇಲಿನ ಫ್ಯಾನ್ ಕೆಟ್ಟಾಗ ಅದನ್ನು ಮೊದಲು ಸರಿ ಮಾಡಿಸುತ್ತಿದ್ದೆ. ನಗ್ತಿದಾಳಾ ಎಂದು ನೀನು ಕೇಳಿದಾಗ ಏನು ಹೇಳಲಿ? ನಿದ್ದೆಯಲ್ಲಿ ಅವಳ ಮುಖ ಸಡಿಲವಾಗಿರುತ್ತಿತ್ತು. ಅದಕ್ಕೆ ಹತ್ತಿರದ ಮಾತು ನನಗೆ ಅದೊಂದೇ ಸಿಕ್ಕಿತು.

ಈಗ ನೀನೇ ಯೋಚಿಸು. ಆಟ ಬಿಟ್ಟ ಮೇಲೆ ಮನೆವರೆಗೂ ದಾರಿಯುದ್ದಕ್ಕೂ ಅವಳ ತೋಳು ಹಿಡಿದು, ನಾನು ಹೇಳಿದ ಸಿನಿಮಾವನ್ನು ನೀನು ಅವಳಿಗೆ ಹೇಳುತ್ತಿದ್ದೆ. ಅವಳು ಹೂಂ ಹೂಂ ಎನ್ನುತ್ತಿದ್ದಳು. ನೆನಪಿಸಿಕೋ. ದೋಣಿಯವನ ಹೆಂಡತಿಯ ಕಥೆಯೂ ಅವಳಿಗೆ ನಿನ್ನ ಬಾಯಿಂದಲೇ ಬಂದದ್ದು. ಅವಳ ಪಾಲಿಗೂ ಆ ಹೆಂಗಸು ದಡ ಸೇರಿದ್ದಳು. ಒಲೆ ಮುಂದಿನಿಂದ ಅವಳು ಹೇಳಿದ್ದು ಅವಳಿಗೆ ತಿಳಿದ ಸತ್ಯ.

ನಾನು ಕಟ್ಟಿದ ಸಿನಿಮಾಗಳನ್ನು ಈ ಲೋಕದಲ್ಲಿ ನೋಡಿದವರು ನೀವಿಬ್ಬರೇ ಪರಮೇಶಿ.

ಇದನ್ನು ನಾನು ಅವತ್ತೇ ಹೇಳಿದ್ದರೆ ನಿಮ್ಮ ಹದಿನೈದು ವರ್ಷ ಉಳಿಯುತ್ತಿತ್ತು. ಅವಳ ಜತೆಯೂ ನೀನು ಮಾತು ಬಿಟ್ಟಿದ್ದೀಯೆಂದು ನನಗೆ ಗೊತ್ತಿರಲಿಲ್ಲ.

ಷಣ್ಮುಖ

*

ಕಾಗದನಗರ
೧೭ ಮೇ ೨೦೨೪

ಮಾಮ,

ಈ ಕಾಗದವನ್ನು ಓದುವಾಗ ಎರಡು ಸಲ ನಿಲ್ಲಿಸಬೇಕಾಯಿತು, ನನ್ನಿಂದಾಗಿ. ಅಮ್ಮನ ಮಡಿಲಲ್ಲಿ ಸಿನಿಮಾ ನೋಡುತ್ತಿದ್ದದ್ದು ನನಗೆ ನೆನಪಿದೆ. ಅವಳ ಮುಖವನ್ನು ತಿರುಗಿ ನೋಡಿದ್ದು ನೆನಪಿಲ್ಲ.

ಅಪ್ಪ ಮತ್ತೊಮ್ಮೆ ಓದಿಸಿದರು. “ಅವಳು ಸುಳ್ಳು ಹೇಳಿರ್ಲಿಲ್ಲ” ಎಂದರು. ಆಮೇಲೆ ನಾನು ಅಂಗಡಿಯಿಂದ ಬಂದಾಗ ಅಮ್ಮನ ಫೋಟೋ ಗೋಡೆಯಿಂದ ಇಳಿದು ಅವರ ಮಡಿಲಲ್ಲಿತ್ತು. ಏನು ಮಾತಾಡಿದರೋ ನಾನು ಕೇಳಲಿಲ್ಲ.

ಭಾನುವಾರ, ೨೬ನೇ ತಾರೀಖು ಬರುತ್ತೇವೆ. ಹನ್ನೊಂದರ ಬಸ್ಸಿಗೆ. ಅಪ್ಪನಿಗೆ ಆ ಕುರ್ಚಿ ಇದ್ದ ಜಾಗ ಬೇಕಂತೆ.

ವೀಣಾ

*

ರಾಗಿಗುಡ್ಡ
೪ ಜೂನ್ ೨೦೨೪

ಪರಮೇಶಿ,

ನೀನು ನಿದ್ದೆ ಮಾಡಿದಾಗ ಏನೇನಾಯಿತು ಎಂದು ಕೇಳಿ ಬರೆಸಿದ್ದೀಯ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಬಸ್ಸಿನಿಂದ ಇಳಿದಾಗ ನೀನು ಮೊದಲು ನನ್ನ ಗಂಟಲು ಮುಟ್ಟಿ ನೋಡಿದೆ. ಆಮೇಲೆ ಮೊಣಕೈ ಹಿಡಿದೆ. ಇದು ನಿನಗೂ ನೆನಪಿರುತ್ತದೆ. ಟಾಕೀಸಿಗೆ ಹೋಗುವಷ್ಟರಲ್ಲಿ ಕೆಲಸ ಶುರುವಾಗಿಬಿಟ್ಟಿತ್ತು. ಹೇಳಿದ್ದಕ್ಕಿಂತ ಕೆಲವು ದಿನ ಮೊದಲೇ. ಮೇಲೆ ನಾಲ್ಕು ಜನ ಶೀಟ್ ಬಿಚ್ಚುತ್ತಿದ್ದರು. ಮುಕ್ಕಾಲು ಚಾವಣಿ ಹೋಗಿ ಆಕಾಶ ಕಾಣುತ್ತಿತ್ತು. ನಾಟಕದವರ ಅರಮನೆಯ ಮೇಲೆ ನೇರ ಬಿಸಿಲು. ವೀಣಾ ಅದನ್ನು ನಿನಗೆ ವರ್ಣಿಸಿ ಹೇಳಿದಳು, ಕಂಬ ಎಂಟು ಎಂದಳು. ಸರಿಯಾಗಿ ಎಂಟೇ.

ಮೂರನೇ ಸಾಲಿನ ಗೋಡೆ ಬದಿಗೆ ಕರೆದುಕೊಂಡು ಹೋದೆ. ನೆಲದಲ್ಲಿ ಕುರ್ಚಿಯ ಬೋಲ್ಟುಗಳು ಮಾತ್ರ ಇದ್ದವು. ಗೋಡೆಯಲ್ಲಿ ತಲೆಯೆತ್ತರಕ್ಕೆ ಒಂದು ಕಡೆ ಸುಣ್ಣ ಸವೆದು ಎಣ್ಣೆ ಜಿಡ್ಡು ಇತ್ತು. ಅದು ಅವಳದೇ ಎಂದು ನಾನು ಹೇಳಲಾರೆ. ಎಷ್ಟೋ ಜನ ಒರಗಿರುತ್ತಾರೆ. ನಿನ್ನ ಬೆರಳನ್ನು ಅಲ್ಲಿಗೆ ಇಟ್ಟೆ. ನೀನು ಟವೆಲ್ ಹಾಸಿಕೊಂಡು ಕೂತು ಅಲ್ಲಿಗೇ ತಲೆ ಕೊಟ್ಟೆ. “ಸ್ವಲ್ಪ ಹೊತ್ತು” ಎಂದೆ. ನಾವು ದೂರ ಹೋದೆವು. ತಿರುಗಿ ನೋಡಿದರೆ ನಿನ್ನ ಬಾಯಿ ತೆರೆದಿತ್ತು. ಗೊರಕೆ ಬಂತು. ಅಂದವಾಗಿಯೇನೂ ಇರಲಿಲ್ಲ.

ಮೇಲಿನವರು ಸುತ್ತಿಗೆ ಎತ್ತಿದರು. ಕೂಗಲು ನನಗೆ ಗಂಟಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತೆ. ಮೇಸ್ತ್ರಿ ಏಣಿ ಇಳಿದು ಬಂದ, ಸಿಟ್ಟಿನಲ್ಲಿದ್ದ. ನಿನ್ನ ಕಡೆ ತೋರಿಸಿದೆ. ನೋಡಿದ. “ಯಾರಿಗೆ ಹುಷಾರಿಲ್ಲ?” ಎಂದ. ವೀಣಾ “ಹುಷಾರಾಗಿದಾರೆ. ನಿದ್ದೆ ಅಷ್ಟೆ” ಎಂದಳು. ಅವನು ಮೇಲೆ ನೋಡಿ “ಊಟಕ್ಕೆ ಇಳೀರಪ್ಪ” ಎಂದ. ಹನ್ನೆರಡೂ ಆಗಿರಲಿಲ್ಲ. ನಾಲ್ವರೂ ಇಳಿದು, ಗಂಡಸರ ಕಡೆ ಗೋಡೆಗೆ ಕೂತು ಬುತ್ತಿ ಬಿಚ್ಚಿದರು. ಮೆಲ್ಲಗೆ ಮಾತಾಡುತ್ತಿದ್ದರು. ಒಬ್ಬ ವೀಣಾಳಿಗೆ ಉಪ್ಪಿನಕಾಯಿ ಕೊಟ್ಟ. ಅವಳು ಬಾಗಿಲ ಹತ್ತಿರ ಕೂತು ಅಳುತ್ತಿದ್ದಳು. ನಿನ್ನಿಂದ ಮುಚ್ಚಿಟ್ಟಿರಬಹುದು, ಅದಕ್ಕೇ ಹೇಳುತ್ತಿದ್ದೇನೆ. ಉಪ್ಪಿನಕಾಯಿ ತಿಂದಳು.

ವೀರೇಂದ್ರನೂ ಬಂದ. ನಾನು ಬರೆದ ಪುಟ ಅವನಿಗೆ ಕೊಟ್ಟೆ. ಗೋದಾಮು, ನಾಟಕ, ಮಷಿನ್, ಅಡ್ಡಗೋಡೆ, ಕೊನೆಯ ಆಟದವರೆಗೆ. ಅದರಲ್ಲಿ ಒಂದು ಸಾಲು ಸೇರಿಸಿದ್ದೇನೆ, ಶುಕ್ರವಾರದ ಮ್ಯಾಟಿನಿಯಲ್ಲಿ ಹೆಂಗಸರು ಇಲ್ಲಿ ನಿದ್ದೆ ಮಾಡುತ್ತಿದ್ದರು ಎಂದು. ಓದಿ ತಲೆಯೆತ್ತಿ ನೋಡಿದ. ತೆಗೆಯಿರಿ ಎನ್ನಲಿಲ್ಲ.

ಒಂದು ಗಂಟೆ ಕಳೆದಿರಬಹುದು. ಬಿಸಿಲು ಅಂಚು ಕಟ್ಟಿಕೊಂಡು ನೆಲದ ಮೇಲೆ ನಿನ್ನ ಕಡೆ ಬರುತ್ತಿತ್ತು. ಪಾದ ಮುಟ್ಟಿತು. ಮೊಣಕಾಲಿಗೆ ಬಂತು. ಎದೆಗೆ ಏರಿತು. ಎಬ್ಬಿಸೋಣವೇ ಎಂದು ವೀಣಾ ಕಣ್ಣಲ್ಲೇ ಕೇಳಿದಳು. ಬೇಡವೆಂದು ತಲೆಯಾಡಿಸಿದೆ. ನಿನ್ನ ಮುಖಕ್ಕೆ ಬರುವಷ್ಟರಲ್ಲಿ ಎದ್ದು ಹೋಗಿ, ನನ್ನ ನೆರಳು ನಿನ್ನ ಮೇಲೆ ಬೀಳುವ ಹಾಗೆ ನಿಂತುಕೊಂಡೆ.

ಷಣ್ಮುಖ